ಸಹಾಯ ಬೇಕು: ಜುಲೈನಲ್ಲಿ ವಾಲೈ ಮೀನು ಗಾಳಕ್ಕೆ ಬೀಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿರುವ ಲೇಕ್ ವರ್ಮಿಲಿಯನ್ ಸರೋವರಕ್ಕೆ ಒಂದು ವಾರ ಬಂದಿದ್ದೇವೆ. ಮೂರು ದಿನ ಆಯ್ತು, ಒಂದೂ ವಾಲೈ ಸಿಕ್ಕಿಲ್ಲ. ಮಗಳಿಗೆ ಒಂದಾದರೂ ಹಿಡಿಸಬೇಕು ಅಂತ ತುಂಬಾ ಆಸೆ ಇದೆ.

ಮೇ ಕೊನೆಯಲ್ಲಿ ಇದೇ ದಡದ ಹತ್ತಿರ, 8-10 ಅಡಿ ನೀರಿನಲ್ಲಿ, ಜಿಗ್‌ಗೆ (ತೂಕದ ಗುಂಡು ಇರುವ ಗಾಳದ ಕೊಕ್ಕೆ) ಸಣ್ಣ ಮೀನು ಸಿಕ್ಕಿಸಿ ಬಿಟ್ಟರೆ ಚೆನ್ನಾಗಿ ಕಚ್ಚುತ್ತಿದ್ದವು. ಈಗ ಅಲ್ಲಿ ಬರೀ ಪರ್ಚ್ ಅನ್ನೋ ಬೇರೆ ಜಾತಿಯ ಮೀನು. ವಾಲೈ ಕಣ್ಣಿಗೆ ಬಿಸಿಲು ಆಗುವುದಿಲ್ಲ, ಬೇಸಿಗೆಯ ಹಗಲಿನಲ್ಲಿ ಆಳಕ್ಕೆ ಇಳಿಯುತ್ತವೆ ಅಲ್ವಾ? ಹಾಗಾಗಿ ನೀರೊಳಗಿನ ಕಲ್ಲುದಿಬ್ಬದ ಪಕ್ಕ 25 ಅಡಿಗೆ ಜಿಗಣೆ, ಎರೆಹುಳು ಎರಡನ್ನೂ ಬಿಟ್ಟು ನೋಡಿದೆ. ದೋಣಿ ನಿಲ್ಲಿಸಿ ನೋಡಿದೆ, ನಿಧಾನವಾಗಿ ಓಡಿಸಿಯೂ ನೋಡಿದೆ. ಸೋನಾರ್‌ನಲ್ಲಿ (ನೀರೊಳಗಿನ ಮೀನು ತೋರಿಸುವ ಯಂತ್ರ) ತಳಕ್ಕೆ ಅಂಟಿಕೊಂಡ ಮೀನುಗಳು ಕಾಣುತ್ತವೆ. ಆದರೆ ಗಾಳ ಮುಟ್ಟುವುದೇ ಇಲ್ಲ.

ಇನ್ನೂ ಆಳಕ್ಕೆ ಹೋಗಲು ಮನಸ್ಸಿಲ್ಲ. 30 ಅಡಿಗಿಂತ ಕೆಳಗಿಂದ ಎಳೆದ ಮೀನಿಗೆ ಹೊಟ್ಟೆಯ ಗಾಳಿಚೀಲ ಉಬ್ಬುತ್ತದೆ. ವಾಪಸ್ ಬಿಟ್ಟರೂ ಎಷ್ಟೋ ಸಾರಿ ಬದುಕುವುದಿಲ್ಲ, ಸುಮ್ನೆ ಸಾಯಿಸಲು ಇಷ್ಟವಿಲ್ಲ.

ಇಲ್ಲಿ ಗಾಳ ಹಾಕಿದವರು ದಯವಿಟ್ಟು ಹೇಳಿ: ಸೋನಾರ್‌ನಲ್ಲಿ ಕಾಣುವ ಮೀನಿನ ಮೇಲೆಯೇ ಕೂತು ಎರೆ ಬದಲಿಸುತ್ತಾ ಇರಬೇಕಾ, ಇಲ್ಲ ಹಗಲು ಬಿಟ್ಟು ಸೂರ್ಯ ಮುಳುಗುವ ಹೊತ್ತಿಗೆ 10-12 ಅಡಿ ಆಳದ ನೀರುಗಿಡಗಳ ಅಂಚಿಗೆ ಹೋಗಬೇಕಾ? ಅಲ್ಲಿಗಾದರೆ ಯಾವ ಎರೆ ಒಳ್ಳೆಯದು?