ಸಹಾಯ ಬೇಕು: ಮೂಗಿನ ತುದಿಯ ಮೃದ್ವಸ್ಥಿಯನ್ನು ಕತ್ತರಿಸುವುದೋ, ಹೊಲಿಗೆ ಹಾಕಿ ತಿದ್ದುವುದೋ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮೂಗಿನ ತುದಿ ಅಗಲವಾಗಿ ಗುಂಡಗಿದೆ, ಚರ್ಮವೂ ದಪ್ಪ. ಕನ್ನಡಿಯ ಮುಂದೆ ನಿಂತು ಎರಡು ಬೆರಳಿನಿಂದ ತುದಿಯನ್ನು ಒತ್ತಿ ನೋಡಿಕೊಳ್ಳುವ ಅವಳಿಗಾಗಿ ಇಬ್ಬರು ಶಸ್ತ್ರವೈದ್ಯರನ್ನು ಕಂಡು ಬಂದಿದ್ದೇವೆ.

ಮೊದಲನೆಯವರು, ತುದಿಯ ಮೃದ್ವಸ್ಥಿಯ ಮೇಲಂಚನ್ನು ಕತ್ತರಿಸಿ ತೆಗೆದರೆ ಸಾಕೆಂದರು. ಎರಡನೆಯವರು ಕಾಗದದ ಮೇಲೆ ಮೂಗಿನ ಚಿತ್ರ ಬರೆದು, ಕನಿಷ್ಠ 6ರಿಂದ 8 ಮಿಲಿಮೀಟರ್ ಅಗಲದ ಪಟ್ಟಿಯನ್ನು ಉಳಿಸಲೇಬೇಕು, ಹೆಚ್ಚು ತೆಗೆದರೆ ಕಾಲಾಂತರದಲ್ಲಿ ಹೊಳ್ಳೆಯ ಅಂಚು ಮೇಲಕ್ಕೆ ಸೆಳೆದುಕೊಂಡು, ತುದಿ ಚಿವುಟಿದಂತಾಗಿ, ಉಸಿರೆಳೆದಾಗ ಹೊಳ್ಳೆ ಒಳಕ್ಕೆ ಕುಸಿಯಬಹುದು ಎಂದು ವಿವರಿಸಿದರು. ಓಪನ್ ವಿಧಾನದಲ್ಲಿ, ಅಂದರೆ ಹೊಳ್ಳೆಗಳ ನಡುವಿನ ಚರ್ಮವನ್ನು ಕೊಯ್ದು ತೆರೆದು, ತುದಿಯ ಎರಡು ಬದಿಯ ಮೃದ್ವಸ್ಥಿಯ ಕಮಾನುಗಳನ್ನು ಹೊಲಿಗೆಯಿಂದ ಕಿರಿದುಗೊಳಿಸಿ, ಮೂಗಿನ ನಡುಗೋಡೆಯಿಂದ ತೆಗೆದ ಮೃದ್ವಸ್ಥಿಯನ್ನು ಆಧಾರವಾಗಿ ಕೂರಿಸುವುದು ಅವರ ಯೋಜನೆ. ದಪ್ಪ ಚರ್ಮದ ಕೆಳಗೆ ಚೌಕಟ್ಟು ದುರ್ಬಲವಾದರೆ ಆಕಾರ ನಿಲ್ಲದು ಎಂಬ ಕಾರಣಕ್ಕೆ ನನಗೂ ಇದೇ ಸರಿಯೆನಿಸುತ್ತದೆ. ಆದರೆ ಆಧಾರ ಕೂರಿಸಿದರೆ ತುದಿ ಗಡುಸಾಗುತ್ತದೆಂದು ಅವರೇ ಹೇಳಿರುವುದರಿಂದ, ನಗುವಾಗ ಅಸಹಜವೆನಿಸುವುದೇ ಎಂಬ ಚಿಂತೆ ಅವಳಿಗಿದೆ.

ದಪ್ಪ ಚರ್ಮದವರಲ್ಲಿ ತುದಿಯ ಊತ ಪೂರ್ತಿ ಇಳಿಯಲು ವರ್ಷಕ್ಕೂ ಮಿಕ್ಕಿ ಹಿಡಿಯಬಹುದಾದ್ದರಿಂದ, ಶಸ್ತ್ರಚಿಕಿತ್ಸೆ ಮುಗಿದು ಅಷ್ಟು ಕಾಲ ಕಳೆದಿರುವವರು, ಹೊಳ್ಳೆಗಳ ನಡುವಿನ ಗಾಯದ ಗುರುತು ಈಗ ಎಷ್ಟು ಕಾಣುತ್ತದೆ, ಉಸಿರಾಟ ಹೇಗಿದೆ, ತುದಿ ಎಷ್ಟು ಗಡುಸಾಗಿದೆ ಎಂಬುದನ್ನು ದಯವಿಟ್ಟು ತಿಳಿಸಿ. ಈ ಕ್ಷೇತ್ರದ ವೈದ್ಯರಿದ್ದರೆ, ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ನಾವು ಕೇಳಲೇಬೇಕಾದ ಪ್ರಶ್ನೆಗಳನ್ನೂ ಹೇಳಬೇಕಾಗಿ ವಿನಂತಿ.