ಮಳೆಗಾಲದಲ್ಲಿ ಸ್ಫಿಂಕ್ಸ್ ಬೆಕ್ಕು: ಸಾಕಿದವರು ಹೇಳಿ

ತೀರ್ಥಹಳ್ಳಿ ಹೆಂಚಿನ ಮನೆ: ಒಂದೂವರೆ ವರ್ಷದ ಹೆಣ್ಣು ಸ್ಫಿಂಕ್ಸ್ (ಮೈಮೇಲೆ ರೋಮ ಇಲ್ಲದ ತಳಿ), ನಾಲ್ಕು ಕೆಜಿ. ಮಳೆ ಹಿಡಿದಾಗಿನಿಂದ ಕುತ್ತಿಗೆ ಮಡಿಕೆ, ಕಂಕುಳು, ಉಗುರಿನ ಬುಡದಲ್ಲೆಲ್ಲ ಕಂದು ಜಿಡ್ಡು, ಹುಳಿ ವಾಸನೆ. ವಾರಕ್ಕೊಂದು ಸ್ನಾನ ಸಾಕಾ? ರಾತ್ರಿ ಬೆಚ್ಚಗಿಡೋಕೆ ಏನು ಮಾಡ್ತೀರಿ?

ಸಾಗರದವಳು: ವಾರಕ್ಕೊಂದು ಅನ್ನೋದು ಒಣ ಊರಿನ ಲೆಕ್ಕ. ಬೇರೆ ಬೆಕ್ಕಿಗಾದರೆ ಚರ್ಮದ ಎಣ್ಣೆ ರೋಮಕ್ಕೆ ಹಬ್ಬಿ ಹೋಗುತ್ತೆ, ಇದಕ್ಕೆ ಅಲ್ಲೇ ಕೂರುತ್ತೆ. ಮೇಲಿಂದ ಜುಲೈ ತಿಂಗಳ ಥಂಡಿ. ಮಲಸೇಜಿಯಾ ಅನ್ನೋ ಯೀಸ್ಟ್‌ಗೆ ಇನ್ನೇನು ಬೇಕು? ಮೊದಲು ಮಡಿಕೆಗೆ ಟೇಪ್ ಅಂಟಿಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಯೀಸ್ಟೇ ಆದರೆ ಕ್ಲೋರ್‌ಹೆಕ್ಸಿಡಿನ್ 2%, ಮೈಕೊನಜೋಲ್ 2% ಇರೋ ಶಾಂಪೂ, ವಾರಕ್ಕೆರಡು ಸಲ, ಮೂರು ವಾರ. ನೊರೆ ಮೈಮೇಲೆ ಹತ್ತು ನಿಮಿಷ ಇರಬೇಕು, ಗಡಿಯಾರ ನೋಡಿಕೊಂಡು. ಎರಡೇ ನಿಮಿಷಕ್ಕೆ ತೊಳೆದು "ಶಾಂಪೂ ಕೆಲಸ ಮಾಡಲಿಲ್ಲ" ಅನ್ನೋರೇ ಜಾಸ್ತಿ. ನೀರು 38 ಡಿಗ್ರಿ ಆಸುಪಾಸು.

ಎಲ್ಲರೂ ಎಡವೋದು ಒರೆಸೋದರಲ್ಲಿ. ಮಳೆಗಾಲದಲ್ಲಿ ಟವೆಲ್ ಮುಗ್ಗಲು ವಾಸನೆ ಬರುತ್ತಲ್ಲ, ಅದರಲ್ಲಿ ಒರೆಸಿದರೆ ತೊಳೆದದ್ದೇ ದಂಡ. ಇಸ್ತ್ರಿ ಹಾಕಿ ಒಣಗಿಸಿದ ಎರಡು ಟವೆಲ್ ಇಟ್ಟುಕೊಳ್ಳಿ. ಒಂದು ಮೈಗೆ, ಇನ್ನೊಂದರ ಅಂಚು ಬೆರಳಿಗೆ ಸುತ್ತಿ ಒಂದೊಂದೇ ಮಡಿಕೆ ಬಿಡಿಸಿ ಒತ್ತೋಕೆ. ಉಜ್ಜಬೇಡಿ.

ಹೊಸನಗರ ಅಡಿಕೆ ತೋಟ: ಇಷ್ಟೆಲ್ಲ ರಾಸಾಯನಿಕ ಯಾಕೆ ಮಾರಾಯ್ರೆ? ನಾಲ್ಕು ಹನಿ ಕೊಬ್ಬರಿ ಎಣ್ಣೆ, ಸೀಗೆಪುಡಿ. ನಮ್ಮಲ್ಲಿ ಅಷ್ಟೇ. ಚರ್ಮ ರೇಷ್ಮೆ ಇದ್ದ ಹಾಗಿದೆ. ಕೊಬ್ಬರಿ ಎಣ್ಣೆಯಲ್ಲಿರೋ ಲಾರಿಕ್ ಆಮ್ಲ ಶಿಲೀಂಧ್ರಕ್ಕೆ ಆಗಲ್ಲ, ಓದಿ ನೋಡಿ.

ಸಾಗರದವಳು: ಎಣ್ಣೆ ಇಳಿಸೋಕೆ ಒದ್ದಾಡ್ತಿರೋ ಚರ್ಮಕ್ಕೆ ಮತ್ತೆ ಎಣ್ಣೆ! ಮಲಸೇಜಿಯಾ ಬದುಕೋದೇ ಕೊಬ್ಬಿನಂಶದ ಮೇಲೆ. ಲಾರಿಕ್ ಆಮ್ಲ ಬೇರೆ, ಬಾಟಲಿಯ ಎಣ್ಣೆ ಬೇರೆ. ಎಣ್ಣೆ ಮೈಗೆ ಹಾಸಿಗೆಯ ಧೂಳು ಮೆತ್ತುತ್ತೆ, ಬೆಕ್ಕು ಅದನ್ನೇ ನೆಕ್ಕುತ್ತೆ, ಆಮೇಲೆ ಭೇದಿ. ಸೀಗೆಪುಡಿ ಕಣ್ಣಿಗೆ ಹೋದರೆ? ರೆಪ್ಪೆಗೂದಲೇ ಇಲ್ಲದ ಪ್ರಾಣಿ ಅದು. ನಾಳೆ ಇನ್ನೊಬ್ಬರು ಬಂದು ಟೀ ಟ್ರೀ ಎಣ್ಣೆ ಹಚ್ಚಿ ಅಂತಾರೆ. ಅದಂತೂ ಬೆಕ್ಕಿಗೆ ವಿಷ.

ಹೊಸನಗರ ಅಡಿಕೆ ತೋಟ: ಡಾಕ್ಟರಮ್ಮನಿಗೆ ನಮಸ್ಕಾರ.

ಗೋಪಾಳ ಬಡಾವಣೆ: ಚಳಿ ಬಗ್ಗೆ ಯಾರೂ ಹೇಳಲಿಲ್ಲ. 1000 ವಾಟ್ ರೂಮ್ ಹೀಟರ್ ಎಂಟು ಗಂಟೆ ಉರಿದರೆ 8 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 1440. ಹೆಂಚಿನ ಮನೆಯಲ್ಲಿ ಆ ಬಿಸಿಯೆಲ್ಲ ಅಟ್ಟಕ್ಕೆ ಹೋಗುತ್ತೆ, ಅದು ಬೇರೆ ಮಾತು. 40 ವಾಟ್‌ನ ಹೀಟಿಂಗ್ ಪ್ಯಾಡ್ ಹತ್ತು ಗಂಟೆಗೆ ಅರ್ಧ ಯೂನಿಟ್ಟೂ ಇಲ್ಲ, ತಿಂಗಳಿಗೆ 72 ರೂಪಾಯಿ. ಥರ್ಮೋಸ್ಟಾಟ್ ಇರೋದನ್ನೇ ತಗೊಳ್ಳಿ, ಮೇಲೆ ದಪ್ಪ ಬಟ್ಟೆ ಹಾಸಿ. ಪ್ಯಾಡ್ ಹಾಸಿಗೆಯ ಅರ್ಧಕ್ಕೆ ಮಾತ್ರ, ಬಿಸಿ ಹೆಚ್ಚಾದರೆ ಬೆಕ್ಕು ಆಚೆ ಸರಿಯೋಕೆ ಜಾಗ ಇರಲಿ. ರಟ್ಟಿನ ಡಬ್ಬ ಬೇಡ, ಬೂಷ್ಟು ಹಿಡಿಯುತ್ತೆ. ತೊಳೆಯೋಕೆ ಬರೋ ಪ್ಲಾಸ್ಟಿಕ್ ಕ್ರೇಟ್ ಸಾಕು. ಕರೆಂಟ್ ಹೋದಾಗ ಬಿಸಿನೀರಿನ ಬಾಟಲಿ, ಎರಡು ಸುತ್ತು ಬಟ್ಟೆ ಸುತ್ತಿ.

ಬಚ್ಚಲೊಲೆ ಇರೋ ಮನೆಯವರು ಒಲೆಬಾಯಿಗೆ ಜಾಲರಿ ಹಾಕಿಸಿ. ಕೆಂಡ ಆರಿತು ಅಂತ ನಮಗೆ ಅನ್ನಿಸುತ್ತೆ, ಇವು ಬಿಸಿ ಬೂದಿಗೇ ಹೊಟ್ಟೆ ಒತ್ತಿ ಮಲಗುತ್ತವೆ. ರೋಮ ಇಲ್ಲ, ಸುಟ್ಟ ಮೇಲೇ ಗೊತ್ತಾಗೋದು. ಸ್ವೆಟರ್ ಹಾಕೋದಾದರೆ ಹತ್ತಿಯದ್ದು, ದಿನಾ ಬದಲಿಸಿ. ಎರಡನೇ ದಿನಕ್ಕೆ ಕಂಕುಳಲ್ಲಿ ಎಣ್ಣೆ ಕುಡಿದಿರುತ್ತೆ.

ಕೊಪ್ಪದ ಕಡೆಯವ: ಜಿಡ್ಡು, ಸ್ವೆಟರ್, ಕರೆಂಟ್ ಬಿಲ್. ಹೃದಯದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ! ಈ ತಳಿಯಲ್ಲಿ ಹೃದಯದ ಸ್ನಾಯು ದಪ್ಪಗಾಗೋ ಕಾಯಿಲೆ, ಎಚ್‌ಸಿಎಂ, ಸಾಮಾನ್ಯ. ಸ್ಟೆತಸ್ಕೋಪ್ ಇಟ್ಟು "ಚೆನ್ನಾಗಿದೆ" ಅಂದರೆ ನಂಬಿ ಕೂರಬೇಡಿ, ಎಷ್ಟೋ ಬೆಕ್ಕಿಗೆ ಶಬ್ದವೇ ಬರಲ್ಲ. ಒಂದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು. ಮನೆಯಲ್ಲಿ ಮಾಡೋದು: ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿಳಿಯೋದನ್ನ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಪದೇ ಪದೇ 30 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗಿ ಪಾದ ತಣ್ಣಗಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನ ಉಳುಕು ಅಂತ ಉಜ್ಜುತ್ತಾ ಕೂರಬೇಡಿ, ಆಗಲೇ ಓಡಿ.

ಜಿಡ್ಡಿಗೂ ಇದಕ್ಕೂ ಸಂಬಂಧ ಇದೆ. ತುರಿಕೆಗೆ ಅಂತ ತಿಂಗಳುಗಟ್ಟಲೆ ಕೆಲಸ ಮಾಡೋ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟುಬಿಡ್ತಾರೆ. ಒಳಗೊಳಗೇ ಹೃದಯ ಕೆಟ್ಟಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬೋಕೆ ಅಷ್ಟೇ ಸಾಕು. ಎಕೋ ಇಲ್ಲದೆ ಆ ಸೂಜಿಗೆ ಒಪ್ಪಬೇಡಿ.

ಚನ್ನಗಿರಿ ರಸ್ತೆ: ಅದಕ್ಕೇ ಹೇಳೋದು, ಮಲೆನಾಡಿಗೆ ಇಂಥ ಬೆಕ್ಕು ಬೇಕಿತ್ತಾ? ಶೋಕಿ.

ಕೊಪ್ಪದ ಕಡೆಯವ: ಈ ತಳಿ ಶುರುವಾಗಿದ್ದೇ 1966ರಲ್ಲಿ ಕೆನಡಾದ ಟೊರೊಂಟೊದಲ್ಲಿ. ಅಲ್ಲಿನ ಚಳಿ ಮುಂದೆ ನಿಮ್ಮ ಚಳಿ ಏನು?

ಹೊಸನಗರ ಅಡಿಕೆ ತೋಟ: ಚಳಿ ಬಿಡಿ, ಉಣುಗು? 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡೋದು ಉಣುಗಿನಿಂದಲೇ ತಾನೇ. ನಾನು ಉಣುಗಿಗೆ ಅಂತ ನಾಯಿಗೆ ಹಾಕೋ ಹನಿ ಔಷಧಿಯನ್ನೇ ಬೆಕ್ಕಿಗೂ ಅರ್ಧ ಹಾಕ್ತೀನಿ.

ಗೋಪಾಳ ಬಡಾವಣೆ: ದಯವಿಟ್ಟು ಇವತ್ತೇ ನಿಲ್ಲಿಸಿ! ನಾಯಿಯ ಹನಿಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತೆ. ಬೆಕ್ಕಿನ ಯಕೃತ್ತಿಗೆ ಅದನ್ನ ಒಡೆಯೋಕೆ ಬರಲ್ಲ. ಮೈ ನಡುಕ, ಸೆಳೆತ, ಸಾವು. ಅರ್ಧ ಹಾಕಿದರೂ ಅದೇ. ಡಬ್ಬಿ ಮೇಲೆ ಬೆಕ್ಕಿಗೆ ಅಂತ ಬರೆದಿರಬೇಕು, ತೂಕ ಹೊಂದಬೇಕು. ನಾಯಿಗೆ ಹಾಕಿದ ಹನಿ ಪೂರ್ತಿ ಒಣಗೋವರೆಗೂ ಎರಡನ್ನೂ ಒಟ್ಟಿಗೆ ಮಲಗಿಸಬೇಡಿ. ಅಷ್ಟಕ್ಕೂ ಬೆಕ್ಕನ್ನ ಕಾಡಿಗೆ ಬಿಡೋದು ಯಾಕೆ?

ಹೊಸನಗರ ಅಡಿಕೆ ತೋಟ: ಮನೆ ಹಿಂದೇನೇ ಕಾಡು ಸ್ವಾಮಿ, ನಿಮ್ಮ ಬಡಾವಣೆ ಅಲ್ಲ ಇದು. ಡಬ್ಬಿ ನೋಡ್ತೀನಿ.

ತೀರ್ಥಹಳ್ಳಿ ಹೆಂಚಿನ ಮನೆ: ಉಗುರಿನ ಬುಡಕ್ಕೂ ಅದೇ ಶಾಂಪೂನಾ ಅಕ್ಕ?

ಸಾಗರದವಳು: ಅದೇ. ಪಾದದ ಮೆತ್ತೆ ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತೆ, ನೊರೆ ಹಚ್ಚಿದ ಹತ್ತಿಯಿಂದ ಬುಡದ ಸುತ್ತ ಒರೆಸಿ. ಹತ್ತು ನಿಮಿಷ ಕತ್ತಿಗೆ ಕೋನ್ ಹಾಕಿಡಿ, ಇಲ್ಲದಿದ್ದರೆ ನೆಕ್ಕಿಬಿಡುತ್ತೆ. ಆಮೇಲೆ ಚೆನ್ನಾಗಿ ತೊಳೆದು ಬೆರಳಿನ ಸಂದಿ ಒಣಗಿಸಿ. ಕಿವಿಯೊಳಗೆ ಮಾತ್ರ ಈ ಶಾಂಪೂ ಹೋಗಬಾರದು.