ಸಹಾಯ ಬೇಕು: ಕನ್ನಡಿ ನೋಡಿಕೊಂಡು ಮೇಲಿನ ದವಡೆ ಹಲ್ಲು ಕೊರೆಯುವುದಕ್ಕೆ ಕೈ ಪಳಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಿಡಿಎಸ್ (ದಂತವೈದ್ಯ ಪದವಿ) ಎರಡನೇ ವರ್ಷದ ವಿದ್ಯಾರ್ಥಿನಿ. ಈಗ ಫ್ಯಾಂಟಮ್ ಹೆಡ್ (ಅಭ್ಯಾಸಕ್ಕೆ ಇಟ್ಟಿರುವ ಗೊಂಬೆ ತಲೆ) ಮೇಲೆ ಕ್ಲಾಸ್ ಒನ್ ಅಮಾಲ್ಗಮ್ ಕ್ಯಾವಿಟಿ (ಲೋಹದ ಮಿಶ್ರಣ ತುಂಬಲು ಹಲ್ಲಿನ ಅಗಿಯುವ ಭಾಗದಲ್ಲಿ ಕೊರೆಯುವ ಗುಳಿ) ಅಭ್ಯಾಸ ನಡೆಯುತ್ತಿದೆ. ಕೆಳಗಿನ ಹಲ್ಲು ಪರವಾಗಿಲ್ಲ, ನೇರವಾಗಿ ಕಾಣುತ್ತದೆ. ಮೇಲಿನ ದವಡೆ ಹಲ್ಲನ್ನು ಮಾತ್ರ ಮೌತ್ ಮಿರರ್‌ನಲ್ಲೇ ನೋಡಬೇಕು. ಬರ್ (ಕೊರೆಯುವ ಮೊನೆ) ಹಿಂದಕ್ಕೆ ಸರಿಸೋಣ ಅಂದರೆ ಕೈ ಮುಂದಕ್ಕೆ ಹೋಗುತ್ತದೆ! ಉಂಗುರ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿಕೊಂಡರೂ ಏರೋಟರ್ (ಗಾಳಿಯ ಒತ್ತಡದಿಂದ ತಿರುಗುವ ಡ್ರಿಲ್) ತಿರುಗಲು ಶುರುವಾದ ಕೂಡಲೇ ಹಿಡಿತ ಬಿಗಿಯಾಗಿಬಿಡುತ್ತದೆ. ಆಳ 1.5ರಿಂದ 2 ಮಿ.ಮೀ. ಒಳಗೇ ಇರಬೇಕು, ತಳವೂ ಸಮ ಇರಬೇಕು. ಇದು ಓದಿ ಬರುವ ವಿದ್ಯೆ ಅಲ್ಲ, ಬೆರಳಿಗೇ ಗೊತ್ತಾಗಬೇಕು ಅಲ್ವಾ?

ಸೀನಿಯರ್‌ಗಳೇ, ಮನೆಯಲ್ಲಿ ಕನ್ನಡಿ ನೋಡಿಕೊಂಡು ಪೆನ್ಸಿಲ್‌ನಲ್ಲಿ ಗೆರೆ ಎಳೆದರೆ ಉಪಯೋಗವಾಗುತ್ತದಾ? ಮೊದಲ ವರ್ಷದ ವ್ಯಾಕ್ಸ್ ಕಾರ್ವಿಂಗ್ (ಮೇಣದಲ್ಲಿ ಹಲ್ಲಿನ ಆಕಾರ ಕೆತ್ತುವುದು) ಮತ್ತೆ ಮಾಡಲಾ? ದಿನಾ ಸ್ವಲ್ಪ ಸ್ವಲ್ಪ ಒಳ್ಳೆಯದಾ, ಒಂದೇ ಸಲ ಜಾಸ್ತಿ ಹೊತ್ತು ಕೂರಬೇಕಾ? ನೀವು ಮಾಡಿ ನೋಡಿದ್ದನ್ನು ದಯವಿಟ್ಟು ಬರೆಯಿರಿ.